ಧರ್ಮ ಸ್ವೀಕರಿಸಿದವರಿಂದ ಮತ್ತೆ ಮತ್ತೆ ಪುರಾವೆ ಕೇಳುವುದು ನ್ಯಾಯವೇ?

ಒಬ್ಬ ವ್ಯಕ್ತಿಯು ತಾನು ಸತ್ಯವೆಂದು ನಂಬಿದ ಧರ್ಮವನ್ನು ವಿಧಿವತ್ತಾಗಿ ಸ್ವೀಕರಿಸಿದ ಬಳಿಕ, ಆತನ ವಿಶ್ವಾಸಕ್ಕೆ ಜೀವನವಿಡೀ ದಾಖಲೆ ಕೇಳುವ ಅಧಿಕಾರ ಯಾರಿಗಿದೆ? ಇಸ್ರೇಲಿನಲ್ಲಿ ಯಹೂದಿ ಧರ್ಮವನ್ನು ಸ್ವೀಕರಿಸಿದವರ ಪಾಡನ್ನು ಗಮನಿಸುವಾಗ ಈ ಪ್ರಶ್ನೆ ಎದುರಾಗುತ್ತದೆ. ನಮ್ಮ ಆಕ್ಷೇಪವಿರುವುದು ಯಹೂದಿ ಧರ್ಮದ ಮೇಲಲ್ಲ. ಆ ಧರ್ಮದ ಹೆಸರಿನಲ್ಲಿ ಬಾಗಿಲು ಕಾಯುವವರ ಮೇಲೆ.

ಯಹೂದಿ ಧರ್ಮವನ್ನು ಸೇರುವುದು ಸುಲಭವಲ್ಲ. ಬಯಸಿ ಬಂದವರನ್ನು ಮೊದಲು ನಿರುತ್ಸಾಹಗೊಳಿಸುವುದೇ ಅಲ್ಲಿನ ಹಳೆಯ ಸಂಪ್ರದಾಯ. ಪಟ್ಟು ಬಿಡದವರು ದೀರ್ಘಕಾಲ ಅಧ್ಯಯನ ನಡೆಸಬೇಕು. ಸಬ್ಬತ್ ದಿನದ ನಿಯಮಗಳನ್ನೂ ಆಹಾರದ ವಿಧಿನಿಷೇಧಗಳನ್ನೂ ಪಾಲಿಸಬೇಕು. ಪುರುಷರು ಖತ್ನಾ ಮಾಡಿಸಿಕೊಳ್ಳಬೇಕು. ‘ಬೇತ್ ದಿನ್’ ಎಂಬ ಮೂವರ ಧಾರ್ಮಿಕ ಪೀಠದ ಮುಂದೆ ಉತ್ತರಿಸಿ, ಕೊನೆಗೆ ‘ಮಿಕ್ವೆ’ ಎಂಬ ಕೊಳದಲ್ಲಿ ಮುಳುಗಿ ಏಳಬೇಕು. ಅಲ್ಲಿಂದ ಮುಂದೆ ಅವರನ್ನು ಅಬ್ರಹಾಮರ ಮಗ, ಅಬ್ರಹಾಮರ ಮಗಳು ಎಂದು ಕರೆಯಲಾಗುತ್ತದೆ. ಹಜ್ರತ್ ಇಬ್ರಾಹೀಮ್(ಅ)ರ ಸಂತತಿಯೆಂದು ಘೋಷಿಸಿದ ಮೇಲೆ ಮತ್ತೊಂದು ವಂಶಾವಳಿಯ ಅಗತ್ಯವೇನಿದೆ?

ಆದರೆ ನಡೆಯುತ್ತಿರುವುದೇ ಬೇರೆ. 1950ರ ಮರಳುವಿಕೆಯ ಕಾನೂನಿಗೆ 1970ರಲ್ಲಿ ತಿದ್ದುಪಡಿ ತಂದು, ಯಹೂದಿ ತಾಯಿಗೆ ಹುಟ್ಟಿದವರು ಅಥವಾ ಮತಾಂತರಗೊಂಡವರು, ಅನ್ಯಧರ್ಮದ ಸದಸ್ಯರಾಗಿರದಿದ್ದರೆ, ಯಹೂದಿಗಳೆಂದು ನಿರ್ಧರಿಸಲಾಯಿತು. ಯಾರ ಕೈಯಿಂದ ಆದ ಮತಾಂತರ ಎಂಬುದನ್ನು ಕಾನೂನು ಹೇಳಲಿಲ್ಲ. ವಿವಾದವೆಲ್ಲ ಆ ಮೌನದಿಂದಲೇ ಹುಟ್ಟಿತು. ದೇಶದೊಳಗೆ ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಪಂಥಗಳ ಮೂಲಕ ಯಹೂದಿಗಳಾದವರಿಗೂ ಪೌರತ್ವದ ಹಕ್ಕಿದೆಯೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2021ರ ಮಾರ್ಚ್‌ನಲ್ಲಿ. ಆದರೂ ಯಹೂದಿಗಳ ವಿವಾಹವು ಆರ್ಥೊಡಾಕ್ಸ್ ಪಂಥದ ಮುಖ್ಯ ರಬ್ಬಿಗಳ ಸಂಸ್ಥೆಯ ಅಧೀನದಲ್ಲಿಯೇ ಇದೆ. ದೇಶದಲ್ಲಿ ಸಿವಿಲ್ ವಿವಾಹದ ವ್ಯವಸ್ಥೆಯಿಲ್ಲ. ಹೀಗಾಗಿ ಪೌರತ್ವದ ಕಚೇರಿಯಲ್ಲಿ ಯಹೂದಿಯಾದವಳು ನಿಕಾಹ್‌ನ ಕಚೇರಿಯಲ್ಲಿ ಯಹೂದಿಯಲ್ಲ!

ಆರ್ಥೊಡಾಕ್ಸ್ ಮಾರ್ಗದಲ್ಲಿ ಬಂದವರಾದರೂ ಸುರಕ್ಷಿತರೇ? ಅದೂ ಇಲ್ಲ. ಹದಿನೈದು ವರ್ಷಗಳ ಹಿಂದೆ ಧರ್ಮ ಸ್ವೀಕರಿಸಿದ್ದ ಡೆನ್ಮಾರ್ಕ್ ಮೂಲದ ಮಹಿಳೆಯೊಬ್ಬಳು ಅಶ್ದೋದ್ ನಗರದ ರಬ್ಬಿ ನ್ಯಾಯಾಲಯಕ್ಕೆ ವಿಚ್ಛೇದನಕ್ಕಾಗಿ ಹೋದಳು. ನ್ಯಾಯಾಧೀಶರು ಆಕೆಯ ಸಬ್ಬತ್ ಪಾಲನೆಯನ್ನು ವಿಚಾರಿಸಿ ಮತಾಂತರವನ್ನೇ ಅಸಿಂಧುಗೊಳಿಸಿದರು. 2008ರಲ್ಲಿ ಉನ್ನತ ರಬ್ಬಿ ನ್ಯಾಯಾಲಯವು ಅದನ್ನು ಎತ್ತಿಹಿಡಿದುದಲ್ಲದೆ, ರಬ್ಬಿ ಹೈಮ್ ಡ್ರುಕ್‌ಮನ್‌ರ ನೇತೃತ್ವದಲ್ಲಿ ನಡೆದ ಮತಾಂತರಗಳೆಲ್ಲವನ್ನೂ ಸಂಶಯಕ್ಕೆ ಒಡ್ಡಿತು. ಸಾವಿರಾರು ಕುಟುಂಬಗಳು ಬೆಳಗಾಗುವುದರೊಳಗೆ ಅತಂತ್ರವಾದವು. ತಾಯಿ ಯಹೂದಿಯಲ್ಲವೆಂದರೆ ಮಕ್ಕಳೂ ಅಲ್ಲ. ಆ ಮಕ್ಕಳು ಮಾಡಿದ ತಪ್ಪೇನು? 2017ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಯಹೂದ್ಯತೆಯನ್ನು ದೃಢೀಕರಿಸುವ ಪತ್ರಗಳನ್ನು ತಿರಸ್ಕರಿಸಲ್ಪಟ್ಟ ಸುಮಾರು 160 ರಬ್ಬಿಗಳ ಪಟ್ಟಿ ಮುಖ್ಯ ರಬ್ಬಿ ಸಂಸ್ಥೆಯ ಬಳಿಯಿತ್ತು. ಅದರಲ್ಲಿ ಆರ್ಥೊಡಾಕ್ಸ್ ರಬ್ಬಿಗಳೂ ಇದ್ದರು.

ನಮ್ಮ ದೇಶದವರೂ ಈ ನೋವನ್ನುಂಡವರೇ. ಶತಮಾನಗಳಿಂದ ಕೊಂಕಣ ತೀರದಲ್ಲಿ ಸಬ್ಬತ್ ಪಾಲಿಸಿಕೊಂಡು ಬಂದ ಬೇನೆ ಇಸ್ರೇಲ್ ಸಮುದಾಯದವರು ಇಸ್ರೇಲಿಗೆ ಹೋದಾಗ, ಮದುವೆಗೆ ಮುನ್ನ ಅವರ ವಂಶವನ್ನು ತಲೆಮಾರುಗಳ ತನಕ ಕೆದಕಲಾಯಿತು. ಅವರು ಬೀದಿಗಿಳಿದ ಬಳಿಕವಷ್ಟೇ, 1964ರಲ್ಲಿ, ಸರಕಾರವು ಅವರನ್ನು ಎಲ್ಲ ರೀತಿಯಿಂದಲೂ ಯಹೂದಿಗಳೆಂದು ಸಾರಿತು. ಮಣಿಪುರ, ಮಿಜೋರಾಂಗಳ ಬ್ನೇ ಮೆನಾಶೆಯವರನ್ನು 2005ರಲ್ಲಿ ಇಸ್ರೇಲಿನ ಸಂತತಿಯೆಂದು ಒಪ್ಪಲಾಯಿತಾದರೂ ವಿಧಿವತ್ತಾದ ಮತಾಂತರದಿಂದ ಅವರಿಗೆ ವಿನಾಯಿತಿ ಸಿಗಲಿಲ್ಲ.

ಪೌರತ್ವದ ಆಸೆಗೆ ಸುಳ್ಳು ಮತಾಂತರಗಳು ನಡೆಯಬಹುದಲ್ಲವೇ ಎಂದು ಸಮರ್ಥಕರು ವಾದಿಸುತ್ತಾರೆ. ನಡೆಯಬಹುದು. ಪರೀಕ್ಷೆಯ ಕಾಲದಲ್ಲಿ ಎಷ್ಟು ಬೇಕಾದರೂ ಪರೀಕ್ಷಿಸಲಿ. ಆದರೆ ಒಳಗೆ ಕರೆದು ಕೂರಿಸಿದ ಮೇಲೆ ಎಬ್ಬಿಸುವುದು ಎಲ್ಲಿಯ ನ್ಯಾಯ? ಅವರದೇ ಧರ್ಮಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಮತಾಂತರದ ಬಳಿಕ ಹಳೆಯ ದಾರಿಗೆ ಮರಳಿದವನೂ ತಪ್ಪಿತಸ್ಥ ಯಹೂದಿಯೇ ಹೊರತು ಅನ್ಯನಲ್ಲ, ಅವನ ವಿವಾಹವೂ ಸಿಂಧು ಎಂಬುದು ತಾಲ್ಮುದ್‌ನ ನಿಲುವು. ಧರ್ಮ ಸ್ವೀಕರಿಸಿದವನಿಗೆ ಆತನ ಹಿಂದಿನ ಬದುಕನ್ನು ನೆನಪಿಸಿ ನೋಯಿಸುವುದನ್ನೂ ಅದು ನಿಷೇಧಿಸುತ್ತದೆ. ನಮ್ಮ ವಿದ್ವಾಂಸರು ಮೂಸಾ ಬಿನ್ ಮೈಮೂನ್ ಎಂದು ಕರೆಯುವ ಮೈಮೊನಿಡೀಸ್‌ರನ್ನು ಒಬಾದಿಯಾ ಎಂಬ ನವಯಹೂದಿಯು, ‘ನಮ್ಮ ಪಿತೃಗಳ ದೇವನೇ’ ಎಂದು ತಾನು ಪ್ರಾರ್ಥಿಸಬಹುದೇ ಎಂದು ಕೇಳಿದಾಗ, ನಿನಗೂ ಹುಟ್ಟು ಯಹೂದಿಗೂ ಯಾವ ವ್ಯತ್ಯಾಸವೂ ಇಲ್ಲವೆಂದು ಅವರು ಉತ್ತರಿಸಿದ್ದರು. ದಾವೂದ್(ಅ)ರ ಮುತ್ತಜ್ಜಿ ರೂತ್ ಮೋವಾಬ್ ದೇಶದಿಂದ ಬಂದವಳೆಂದು ಅವರ ಗ್ರಂಥವೇ ಹೇಳುತ್ತದೆ. ಇಂದಿನ ಕಚೇರಿಗಳು ಆಕೆಯಿಂದ ಯಾವ ಪ್ರಮಾಣಪತ್ರ ಕೇಳುತ್ತಿದ್ದವು?

ಹೃದಯದ ಒಳಗನ್ನು ಬಲ್ಲವನು ಸೃಷ್ಟಿಕರ್ತನೊಬ್ಬನೇ. ಯುದ್ಧದಲ್ಲಿ ಕಲಿಮ ಉಚ್ಚರಿಸಿದವನನ್ನು, ಅದು ಪ್ರಾಣಭಯದ ಮಾತೆಂದು ಭಾವಿಸಿ ಕೊಂದ ಹಜ್ರತ್ ಉಸಾಮ(ರ)ರನ್ನು, ಆತನ ಹೃದಯವನ್ನು ಸೀಳಿ ನೋಡಿದ್ದಿರಾ ಎಂಬರ್ಥದಲ್ಲಿ ಪ್ರವಾದಿ(ಸ) ತರಾಟೆಗೆ ತೆಗೆದುಕೊಂಡುದನ್ನು ನಾವು ಮದ್ರಸಗಳಲ್ಲಿ ಬೋಧಿಸುತ್ತೇವೆ. ಸೋದರರೇ, ಆ ಪ್ರಶ್ನೆಯು ಜೆರೂಸಲೇಮಿನ ಕಚೇರಿಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ಜಮಾಅತಿಗೆ ಹೊಸದಾಗಿ ಬಂದವರ ಮನೆಗೆ ಹೆಣ್ಣು ಕೊಡುವಾಗ, ಅವರ ಹಿಂದಿನ ಜಾತಿ ಯಾವುದೆಂದು ಪಿಸುಗುಟ್ಟುವ ನಾಲಗೆಗೂ ಅದು ಅನ್ವಯಿಸುತ್ತದೆ. ಧರ್ಮದ ಬಾಗಿಲನ್ನು ತೆರೆದವನು ಅಲ್ಲಾಹನು. ಅದರ ಬಳಿ ನಿಂತು ಒಳಬಂದವರ ದಾಖಲೆ ತಪಾಸಣೆ ಮಾಡುವ ಕೆಲಸಕ್ಕೆ ಅವನು ಯಾರನ್ನೂ ನೇಮಿಸಿಲ್ಲ.