ದಂಡೆಯ ಮನೆಗೆ ಸಂಚಗಾರ ಕೊಡುವ ಮುನ್ನ ಗೆರೆ ಎಲ್ಲಿದೆ ಕೇಳಿ!

ಬಾಗಲಕೋಟೆಯಲ್ಲಿ ಒಂದು ಸ್ವಂತ ಮನೆ ಮಾಡಬೇಕೆಂದು ರೊಕ್ಕ ಕೂಡಿಟ್ಟಿರುವ ಬಂಧುಗಳೇ, ಸಂಚಗಾರ ಪತ್ರಕ್ಕೆ ಸಹಿ ಹಾಕುವ ಮುನ್ನ ಐದು ನಿಮಿಷ ಈ ಪುಟ ಓದಿ.

ಏಜೆಂಟನು ನಿಮ್ಮನ್ನು ಕರೆದೊಯ್ಯುವುದು ಮಳೆಗಾಲ ಮುಗಿದ ಮೇಲೆ, ಅದೂ ಸಂಜೆ ಹೊತ್ತಿನಲ್ಲಿ. ಎದುರಿಗೆ ಕಣ್ಣು ಹಾಯುವವರೆಗೆ ನೀರು, ಮೇಲೆ ತಣ್ಣನೆಯ ಗಾಳಿ. "ನೋಡ್ರಿ ಸಾಹೇಬ್ರ, ಬೆಂಗಳೂರಾಗ ಕೋಟಿ ಸುರುವಿದ್ರೂ ಇಂಥಾ ಜಾಗಾ ಸಿಗೂದಿಲ್ಲ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಆ ನೀರು ಯಾವುದು ಎಂದು ಅವನು ಹೇಳುವುದಿಲ್ಲ. ಅದು ಆಲಮಟ್ಟಿ ಜಲಾಶಯ ಹಿಂದಕ್ಕೆ ಒತ್ತಿದ ಘಟಪ್ರಭೆ. ಅದರ ಅಡಿಯಲ್ಲಿ ಹಳೇ ಬಾಗಲಕೋಟೆಯ ಓಣಿಗಳಿವೆ, ಅಂಗಡಿಗಳಿವೆ, ಜನ ಹುಟ್ಟಿ ಬೆಳೆದ ಮನೆಗಳ ಬುನಾದಿಗಳಿವೆ. ಅದೇ ದಂಡೆಗೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ. ನೀರು ದೂರ ಸರಿದಿರುತ್ತದೆ, ಕೆಸರು ಬಿರಿದಿರುತ್ತದೆ. ಎರಡೂ ಕಾಲದಲ್ಲಿ ನೋಡದೆ ದಂಡೆಯ ಮನೆಗೆ ಬೆಲೆ ಕಟ್ಟುವವನು ಒಂದೇ ಕಣ್ಣಿನಿಂದ ಎತ್ತು ಕೊಂಡಂತೆ.

ಈಗ ಮುಖ್ಯ ಮಾತಿಗೆ ಬರೋಣ. ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: 519.6 ಮತ್ತು 524.256. ಮೊದಲನೆಯದು, ಆಲಮಟ್ಟಿಯಲ್ಲಿ ನೀರು ನಿಲ್ಲಿಸಲು 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮಟ್ಟ, ಮೀಟರ್‌ಗಳಲ್ಲಿ. ಎರಡನೆಯದು, ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನ ಮಟ್ಟ. ಎರಡರ ನಡುವಿನ ಅಂತರ ಹದಿನೈದು ಅಡಿಗೂ ಹೆಚ್ಚು. ಅಂದರೆ ಒಂದೂವರೆ ಮಾಳಿಗೆ ಎತ್ತರದ ನೀರು! ಆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಹಾಕಿತು. ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಮಹಾಪೂರ ಬರುತ್ತದೆಂದು ಮಹಾರಾಷ್ಟ್ರ 2025ರಲ್ಲಿ ಮತ್ತೆ ಅಡ್ಡಗಾಲು ಹಾಕಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರದ ಸಂಪುಟ ಭೂಮಿ ತೆಗೆದುಕೊಳ್ಳಲು ದರ ನಿಗದಿ ಮಾಡಿತು. ಗೇಟು ಎತ್ತರಿಸಿದರೆ 20 ಹಳ್ಳಿಗಳ ಜೊತೆಗೆ ಬಾಗಲಕೋಟೆ ಊರಿನ 11 ವಾರ್ಡುಗಳು ಮುಳುಗಡೆಯ ಲೆಕ್ಕಕ್ಕೆ ಬರುತ್ತವೆ.

ನೀವು ನೋಡಿ ಬಂದ ಮನೆ ಈ ಎರಡು ಗೆರೆಗಳ ನಡುವೆ ಇದೆಯೋ, ಮೇಲೆ ಇದೆಯೋ? ಇದನ್ನು ಬಿಟ್ಟು ಪಾಲಿಶ್ ಫರಸಿ, ವಾಸ್ತು, ಬಾಗಿಲ ದಿಕ್ಕು ಎಂದು ಕೂತರೆ ಏನು ಪ್ರಯೋಜನ? ಇನ್ನೊಂದು ಮಾತು. ನೀರು ನಿಲ್ಲುವ ಮಟ್ಟ ಅಳೆಯುವುದು ಅಣೆಕಟ್ಟಿನ ಬಳಿ. ಘಟಪ್ರಭೆ ಮೇಲಿನಿಂದ ತುಂಬಿ ಬಂದಾಗ ಹಿನ್ನೀರಿನ ತುದಿಯಲ್ಲಿ ನೀರು ಆ ಮಟ್ಟಕ್ಕಿಂತ ಮೇಲೇರುತ್ತದೆ. ಆದ್ದರಿಂದ "ಗೆರೆಗಿಂತ ಒಂದಡಿ ಮೇಲೈತ್ರಿ" ಎಂಬ ಸಮಾಧಾನ ಸಮಾಧಾನವಲ್ಲ.

ಗೆರೆಯ ಒಳಗಿನ ಮನೆ ಅಗ್ಗಕ್ಕೆ ಸಿಗುತ್ತದೆ. ಕೊಂಡಿಟ್ಟರೆ ನಾಳೆ ಸರ್ಕಾರದಿಂದ ಭಾರಿ ಪರಿಹಾರ ಬರುತ್ತದೆ ಎಂದು ಕಿವಿಯಲ್ಲಿ ಊದುವವರಿದ್ದಾರೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ಸಂಪುಟ ಹೇಳಿದ್ದನ್ನೇ ತೋರಿಸುತ್ತಾರೆ. ಸ್ವಾಮಿ, ಅದು ಹೊಲದ ದರ, ನಿಮ್ಮ ಮೂವತ್ತು ನಲವತ್ತರ ಸೈಟಿನ ದರವಲ್ಲ! ಮೇಲಾಗಿ 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮು ಓದಿ. ಪ್ರಾಥಮಿಕ ಅಧಿಸೂಚನೆ ಹೊರಟ ದಿನದಿಂದ ಆ ಆಸ್ತಿಯನ್ನು ಮಾರುವಂತಿಲ್ಲ, ಅದರ ಮೇಲೆ ಹೊಸ ಭೋಜಾ ಏರಿಸುವಂತಿಲ್ಲ. ವಿಶೇಷ ಕಾರಣಕ್ಕೆ ಜಿಲ್ಲಾಧಿಕಾರಿ ಬಿಡುಗಡೆ ಕೊಟ್ಟರೆ ಮಾತ್ರ ಬೇರೆ ಮಾತು. ಗೊತ್ತಿದ್ದೂ ಮೀರಿದವನ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ನಮ್ಮ ಜನ ಹೆಚ್ಚಾಗಿ ಮೋಸ ಹೋಗುವುದು ಇನ್ನೊಂದು ಕಡೆ. ಮುದ್ರಾಂಕ ಶುಲ್ಕ ಉಳಿಸಲೆಂದು ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ, ಉಳಿದದ್ದನ್ನು ಒಳಗಿಂದೊಳಗೆ ಕೊಡುವ ಚಾಳಿ. ಇದು ಕಾನೂನಿಗೆ ವಿರುದ್ಧ, ಅದಿರಲಿ. ನಾಳೆ ಪರಿಹಾರ ಲೆಕ್ಕ ಹಾಕುವಾಗ ಅಧಿಕಾರಿ ನೋಡುವುದು ಸರ್ಕಾರದ ಮಾರ್ಗಸೂಚಿ ಬೆಲೆ ಮತ್ತು ಆ ಭಾಗದಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಪತ್ರಗಳ ಬೆಲೆ. ಇಡೀ ಓಣಿ ಸುಳ್ಳು ಬೆಲೆ ಬರೆಸಿದ್ದರೆ ಇಡೀ ಓಣಿಗೆ ಸುಳ್ಳು ಪರಿಹಾರವೇ ಗತಿ. ಆಗ ಜಿಲ್ಲಾಧಿಕಾರಿ ಕಚೇರಿ ಮುಂದೆ ಶಾಮಿಯಾನ ಹಾಕಿ ಧರಣಿ ಕೂತರೂ ಪತ್ರ ಬದಲಾಗುವುದಿಲ್ಲ.

ಹಾಗಾದರೆ ನವನಗರಕ್ಕೇ ಹೋದರಾಯಿತು ಎನ್ನುತ್ತೀರಿ. ಎತ್ತರದ ನೆಲ, ಅಗಲ ರಸ್ತೆ, ನೀರಿನ ಭಯವಿಲ್ಲ, ಸರಿ. ಆದರೆ ಅದು ಮುಳುಗಡೆಯಾದವರಿಗಾಗಿ ಕಟ್ಟಿದ ಊರು. ಸೈಟಿನ ಹಕ್ಕುಪತ್ರ ಮೊದಲು ಯಾರ ಹೆಸರಿಗೆ ಬಂತು, ಅವರ ವಾರಸುದಾರರು ಎಷ್ಟು ಮಂದಿ, ಹೆಣ್ಣುಮಕ್ಕಳ ಸಹಿ ಬಿದ್ದಿದೆಯೇ ಎಂದು ಕೇಳಲೇಬೇಕು. ಅಣ್ಣತಮ್ಮಂದಿರು ಮಾರಿ ಕೈತೊಳೆದುಕೊಂಡ ಮೇಲೆ ಅಕ್ಕತಂಗಿಯರು ದಾವೆ ಹೂಡಿದರೆ ಕೋರ್ಟಿನ ಮೆಟ್ಟಿಲು ಹತ್ತುವವರು ನೀವು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ಸಿಟಿ ಸರ್ವೆ ಉತಾರ, ಇ-ಆಸ್ತಿ, ಹಕ್ಕುಪತ್ರ, ಮೂರರಲ್ಲೂ ಅಳತೆ ಒಂದೇ ಇದೆಯೇ ಎಂದು ನೋಡಿ.

ಜಿಲ್ಲೆಯ ಉಳಿದ ಕಡೆಯೂ ನೀರಿನ ದಂಡೆ ಸುಮ್ಮನೆ ಬಿಡುವುದಿಲ್ಲ. ಮಲಪ್ರಭೆ 2009ರಲ್ಲೂ 2019ರಲ್ಲೂ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದದ್ದನ್ನು ನಾಡೇ ನೋಡಿತು. ಬಾದಾಮಿಯ ಅಗಸ್ತ್ಯತೀರ್ಥದ ಸುತ್ತ ತೊಂದರೆ ಬೇರೆ ರೀತಿಯದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಹಳೇ ಮನೆ ಕೊಂಡು ಕೆಡವಿ ಹೊಸದು ಕಟ್ಟುತ್ತೇನೆಂಬ ಕನಸು ಅಲ್ಲಿ ನಡೆಯದು. ಇಳಕಲ್ಲಿನಲ್ಲಿ ಮನೆ ನೋಡುವವರಿಗೆ ಒಂದೇ ಮಾತು: ಕುಣಿಮಗ್ಗದ ನೇಕಾರರನ್ನು ಕೇಳಿ. ಯಾವ ಓಣಿಯಲ್ಲಿ ಮಳೆಗಾಲಕ್ಕೆ ಕುಣಿಯಲ್ಲಿ ತೇವ ಏಳುತ್ತದೆ ಎಂಬುದು ಅವರ ಕಾಲಿಗೆ ಗೊತ್ತು, ಯಾವ ಎಂಜಿನಿಯರಿಗೂ ಅಷ್ಟು ಗೊತ್ತಿರಲಾರದು.

ಇನ್ನು ಕಾಗದದ ಭಾಷೆ. ಕರಪತ್ರದಲ್ಲಿ ಇಂಗ್ಲಿಷ್, ಒಪ್ಪಂದದಲ್ಲಿ ಇಂಗ್ಲಿಷ್, ಸಾಲದ ಪತ್ರದಲ್ಲಿ ಇಂಗ್ಲಿಷ್! ಕನ್ನಡ ಉಳಿಯುವುದು ನಿಮ್ಮ ಸಹಿಯಲ್ಲಿ ಮಾತ್ರ. ಖರೀದಿ ಪತ್ರವನ್ನು ಕನ್ನಡದಲ್ಲೇ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ಅದು ಧಾರಾಳವಾಗಿ ನೋಂದಣಿಯಾಗುತ್ತದೆ. ಬ್ಯಾಂಕಿನವರು ಇಪ್ಪತ್ತು ಕಡೆ ಸಹಿ ಮಾಡಿ ಎಂದರೆ ಪೆನ್ನು ಕೆಳಗಿಡಿ. ಬಡ್ಡಿ, ಶುಲ್ಕ, ಕಂತು ಎಲ್ಲವನ್ನೂ ಒಟ್ಟುಗೂಡಿಸಿದ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟು ವಿವರಿಸಬೇಕೆಂದು ರಿಸರ್ವ್ ಬ್ಯಾಂಕೇ 2024ರಲ್ಲಿ ಆದೇಶ ಮಾಡಿದೆ. ಕನ್ನಡದಲ್ಲಿ ಕೇಳಿ ಪಡೆಯಿರಿ. ಕೊಡದಿದ್ದರೆ ಲಿಖಿತ ದೂರು ಬರೆಯಿರಿ, ಅದೂ ಕನ್ನಡದಲ್ಲೇ.

ಸರ್ಕಾರಕ್ಕೂ ನಮ್ಮದೊಂದು ಹಕ್ಕೊತ್ತಾಯವಿದೆ. ಒಮ್ಮೆ ಊರು ಕಳೆದುಕೊಂಡ ಜನ ಇವರು. ಎರಡನೇ ಗೆರೆಯ ಸುದ್ದಿ ಹಬ್ಬಿ ಹದಿನೈದು ವರ್ಷವಾಗಿದೆ. ಆ 11 ವಾರ್ಡುಗಳಲ್ಲಿ ಮಾರಲೂ ಆಗದೆ, ಮಾಡು ರಿಪೇರಿ ಮಾಡಿಸಲೂ ಮನಸ್ಸಿಲ್ಲದೆ ಕೂತವರ ಗೋಳು ಕೇಳುವವರು ಯಾರು? 524.256 ಮೀಟರ್ ಗೆರೆಯನ್ನು ಪ್ರತಿ ಓಣಿಯ ಗೋಡೆಯ ಮೇಲೆ, ಕಂಬದ ಮೇಲೆ ಬಣ್ಣದಲ್ಲಿ ಗುರುತು ಮಾಡಿ ಕನ್ನಡದಲ್ಲಿ ಬರೆಸಿ. ಗೆರೆಯೊಳಗಿನ ಸಿಟಿ ಸರ್ವೆ ನಂಬರುಗಳ ಪಟ್ಟಿಯನ್ನು ನಗರಸಭೆ ಬೋರ್ಡಿಗೆ ಅಂಟಿಸಿ. ಕೊಳ್ಳುವವನೂ ನೋಡಲಿ, ಮಾರುವವನೂ ನೋಡಲಿ. ಅಲ್ಲಿಯವರೆಗೆ ಬಂಧುಗಳೇ, ಸಂಚಗಾರದ ರೊಕ್ಕ ನಿಮ್ಮ ಕಿಸೆಯಲ್ಲೇ ಇರಲಿ.