ಒಂದು ಯೋಜನೆಗೆ ಒಂದೇ ಸೂಚನಾಪತ್ರ

ತಂತ್ರಾಂಶ ರಚನೆಯಲ್ಲಿ ಕೃತಕ ಬುದ್ಧಿಮತ್ತೆಯ ನೆರವನ್ನು ಪಡೆಯುತ್ತಿರುವ ತಂಡಗಳಲ್ಲಿ ಎಲ್ಲರೂ ಒಂದೇ ಸಾಧನಕ್ಕೆ ಒಗ್ಗಿಕೊಂಡಿರುವುದಿಲ್ಲ. ಒಬ್ಬರಿಗೆ ಕರ್ಸರ್ ರೂಢಿಯಾಗಿದ್ದರೆ ಮತ್ತೊಬ್ಬರಿಗೆ ಕ್ಲಾಡ್ ಕೋಡ್, ಇನ್ನೊಬ್ಬರಿಗೆ ಕೋಪೈಲಟ್. ಪರೀಕ್ಷೆಗಳನ್ನು ಯಾವ ಕಮಾಂಡಿನಿಂದ ನಡೆಸಬೇಕು, ಯಾವ ಫೋಲ್ಡರನ್ನು ಮುಟ್ಟಕೂಡದು ಎಂಬಿವೇ ಮೊದಲಾದ ಯೋಜನೆಯ ಕಟ್ಟಳೆಗಳನ್ನು ಈ ಸಾಧನಗಳು ತಾವಾಗಿ ಪೂರ್ಣವಾಗಿ ಅರಿಯಲಾರವಾದುದರಿಂದ, ಅವನ್ನು ಒಂದು ಕಡತದಲ್ಲಿ ಬರೆದಿಡುವ ಪದ್ಧತಿ ಬಂದಿದೆ. ಆದರೆ ಆ ಕಡತಕ್ಕೆ ತಯಾರಕರು ಇಟ್ಟ ಹೆಸರುಗಳು ನಾನಾ ಬಗೆ: ಒಂದು ಕಡೆ ಕ್ಲಾಡ್.ಎಂಡಿ, ಒಂದು ಕಡೆ ಜೆಮಿನೈ.ಎಂಡಿ, ಕರ್ಸರಿಗೆ ಅದರದೇ ನಿಯಮಗಳ ಫೋಲ್ಡರು, ಕೋಪೈಲಟ್ಟಿಗೆ ಗಿಟ್‌ಹಬ್ ಫೋಲ್ಡರಿನೊಳಗೆ ಪ್ರತ್ಯೇಕ ಸ್ಥಾನ.

ಒಂದೇ ವಿಷಯ ನಾಲ್ಕೆಡೆ ನಕಲಾದಾಗ ಆಗುವುದೇನೆಂದರೆ, ಪ್ಯಾಕೇಜುಗಳ ನಿರ್ವಹಣೆಗೆ ಎನ್‌ಪಿಎಂ ಅನ್ನು ತ್ಯಜಿಸಿ ಪಿಎನ್‌ಪಿಎಂ ಅನ್ನು ಸ್ವೀಕರಿಸಿದ ತಂಡವು ಒಂದು ಪ್ರತಿಯನ್ನು ಮಾತ್ರ ತಿದ್ದಿ ಉಳಿದವನ್ನು ಮರೆಯುತ್ತದೆ. ಹಳೆಯ ಪ್ರತಿಯನ್ನು ಓದಿದ ಸಾಧನವು ವಿಧೇಯತೆಯಿಂದಲೇ ಎನ್‌ಪಿಎಂ ಅನ್ನು ಓಡಿಸಿ, ಬೇಡವಾದ ಎರಡನೆಯ ಲಾಕ್ ಕಡತವೊಂದನ್ನು ಸೃಷ್ಟಿಸಿಡುತ್ತದೆ. ಶ್ರೀಲಿಪಿ ತಂತ್ರಾಂಶದ ಬರಹವನ್ನು ನುಡಿ ತಂತ್ರಾಂಶದ ಅಕ್ಷರಗಳಲ್ಲಿ ತೆರೆದು ಬೇಸತ್ತ ಕನ್ನಡಿಗರಿಗೆ ಏಕರೂಪತೆಯ ಅಭಾವವೆಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿ ದೋಷವು ತತ್‌ಕ್ಷಣ ಕಣ್ಣಿಗೆ ಬೀಳುತ್ತಿತ್ತು, ಇಲ್ಲಿ ಪ್ರತಿಯೊಂದು ಕಡತವೂ ಸುಸಂಬದ್ಧವಾಗಿಯೇ ಓದಿಸಿಕೊಳ್ಳುವುದರಿಂದ ವೈರುಧ್ಯವು ಬಹುಕಾಲ ಅಗೋಚರವಾಗಿ ಉಳಿಯಬಲ್ಲುದು.

ಈ ಗೊಂದಲಕ್ಕೆ ಪರಿಹಾರವಾಗಿ 2025ರಲ್ಲಿ ಏಜೆಂಟ್ಸ್.ಎಂಡಿ ಎಂಬ ಸಾಮಾನ್ಯ ಕಡತವು ರೂಢಿಗೆ ಬಂದಿತು; ಓಪನ್‌ಎಐ, ಗೂಗಲ್, ಕರ್ಸರ್ ಮೊದಲಾದವರ ಸಹಯೋಗದಿಂದ ಬೆಳೆದ ಇದು ಅದೇ ವರ್ಷದ ಡಿಸೆಂಬರಿನಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯವನ್ನು ಸೇರಿತು. ಹೆಸರಿನ ಹೊರತು ಇದರಲ್ಲಿ ನಿರ್ಬಂಧವೇ ಇಲ್ಲ. ಒಳಗಿರುವುದು ಸಾದಾ ಗದ್ಯ. ಇಷ್ಟು ಅಲ್ಪವಾದುದು ನಿಯಮವಾಗಿ ನಿಂತೀತೇ ಎಂದು ಸಂದೇಹಿಸುವವರು, ಜಾಲತಾಣಗಳನ್ನು ಜಾಲಾಡುವ ರೋಬಾಟುಗಳಿಗೆ ಸೂಚನೆ ನೀಡಲೆಂದು 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದ ರೋಬಾಟ್ಸ್.ಟಿಎಕ್ಸ್‌ಟಿ ಕಡತವು, 2022ರಲ್ಲಿ ವಿಧ್ಯುಕ್ತ ಪ್ರಮಾಣವಾಗಿ ಪ್ರಕಟವಾಗುವ ತನಕವೂ ಕೇವಲ ಪರಸ್ಪರ ಸಮ್ಮತಿಯ ಬಲದಿಂದ ಜಾಲವನ್ನೆಲ್ಲ ವ್ಯಾಪಿಸಿದ್ದಿತೆಂಬುದನ್ನು ಗಮನಿಸಬಹುದು.

ಯೋಜನೆಯ ಕಟ್ಟಳೆಗಳು ಯೋಜನೆಯವೇ ಹೊರತು ಸಾಧನದವಲ್ಲವಾದುದರಿಂದ, ಅವು ಒಂದೇ ಕಡೆ ಇರತಕ್ಕದ್ದೆಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಹೆಸರನ್ನು ಅಪೇಕ್ಷಿಸುವ ಸಾಧನವಿದ್ದರೆ, ಅದರ ಕಡತದೊಳಗೆ, ಉದಾಹರಣೆಗೆ ಕ್ಲಾಡ್.ಎಂಡಿಯೊಳಗೆ, ಸಾಮಾನ್ಯ ಕಡತವನ್ನು ಆಮದು ಮಾಡಿಕೊಳ್ಳುವ ಒಂದು ಪಂಕ್ತಿ ಸಾಕು. ಸಾಮಾನ್ಯ ಕಡತವನ್ನೇ ತೋರುವ ಕೊಂಡಿ, ಅಂದರೆ ಸಿಮ್‌ಲಿಂಕ್ ಕೂಡ ನಡೆದೀತು. ವಿಂಡೋಸ್ ಬಳಸುವವರಲ್ಲಿ ಮಾತ್ರ ಅದು ಕೆಲವೊಮ್ಮೆ ಕೊಂಡಿಯಾಗದೆ ಬರಿಯ ವಿಳಾಸವನ್ನು ಹೊತ್ತ ಕಡತವಾಗಿ ಇಳಿಯುವುದುಂಟು.

ಎಲ್ಲವನ್ನೂ ಹಂಚಬೇಕೆಂದು ಇದರ ಅರ್ಥವಲ್ಲ. ಕೇಳದೆಯೇ ಓಡಿಸಬಹುದಾದ ಕಮಾಂಡುಗಳ ಅನುಮತಿ ಪ್ರತಿ ಸಾಧನದಲ್ಲಿಯೂ ಭಿನ್ನವಾಗಿ ವರ್ತಿಸುವುದರಿಂದ ಅದನ್ನು ಆಯಾ ಸಾಧನದ ಸೆಟ್ಟಿಂಗಿನಲ್ಲಿಯೇ ಇರಿಸುವುದು ಯುಕ್ತ. ರಹಸ್ಯ ಕೀಲಿಗಳನ್ನಂತೂ ಹಂಚಿದ ಕಡತದಲ್ಲಿ ಸರ್ವಥಾ ಬರೆಯಕೂಡದು. ಸಾಮಾನ್ಯ ಕಡತದ ಒಂದು ವಾಕ್ಯವನ್ನು ತಿದ್ದಿದವನು ತಂಡದ ಸಕಲ ಸಾಧನಗಳ ನಡತೆಯನ್ನೂ ಏಕಕಾಲದಲ್ಲಿ ತಿದ್ದಿದಂತಾಗುವುದರಿಂದ, ಅಂತಹ ಬದಲಾವಣೆಯನ್ನು ಬರಿಯ ದಾಖಲೆಯ ತಿದ್ದುಪಡಿಯೆಂದು ಉಪೇಕ್ಷಿಸದೆ, ಕೋಡಿನಷ್ಟೇ ನಿಷ್ಠುರವಾಗಿ ಪರಿಶೀಲಿಸಿ ಅನುಮೋದಿಸಬೇಕೆಂದು ತಂಡಗಳ ಹಿರಿಯರಲ್ಲಿ ನನ್ನ ವಿನಂತಿ.