ಕಡಿಮೆ ಮಾರಿಯೂ ಬದುಕಿದ ಕಂಪನಿ

ಹೆಚ್ಚು ತಯಾರಿಸಿದರೆ ಒಂದೊಂದರ ಖರ್ಚು ಇಳಿಯುತ್ತದೆ, ಬೆಳೆಯದ ಕಂಪನಿ ಮುಚ್ಚಿಹೋಗುತ್ತದೆ ಎಂದು ನಾವು ಕಾಮರ್ಸ್‌ನವರು ಪರೀಕ್ಷೆಯಲ್ಲಿ ಬರೆಯುತ್ತೇವೆ. ಮೊದಲನೆಯದು ಸರಿ. ಎರಡನೆಯದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದಕ್ಕೆ ಕಾರಣ ಉರಾಲ್ ಎಂಬ ಸೈಡ್‌ಕಾರ್ ಬೈಕ್ ಕಂಪನಿ.

ಸೈಡ್‌ಕಾರ್ ಎಂದರೆ ಗೊತ್ತಲ್ಲ, ‘ಶೋಲೆ’ಯಲ್ಲಿ ಜೈ, ವೀರು ಹಾಡುತ್ತಾ ಹೋಗುವ ಬೈಕಿಗೆ ಪಕ್ಕದಲ್ಲಿ ಜೋಡಿಸಿದ ಸೀಟು. ಉರಾಲ್ ಶುರುವಾದದ್ದು ಯುದ್ಧಕ್ಕಾಗಿ. ಜರ್ಮನಿಯ ಬಿಎಂಡಬ್ಲ್ಯು ಆರ್71 ಮಾದರಿಯಲ್ಲೇ ಸೋವಿಯತ್ ರಷ್ಯಾ ಎಂ-72 ಎಂಬ ಬೈಕ್ ಮಾಡಿತು. 1941ರಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಬಂದಾಗ ಕಾರ್ಖಾನೆಯನ್ನು ಉರಾಲ್ ಬೆಟ್ಟಗಳಾಚೆಯ ಇರ್ಬಿತ್ ಪಟ್ಟಣಕ್ಕೆ ಸಾಗಿಸಿದರು. ಅಲ್ಲಿ ಸಿಕ್ಕ ದೊಡ್ಡ ಕಟ್ಟಡ ಬಿಯರ್ ತಯಾರಿಸುವುದು! ಅದರಲ್ಲೇ ಕೆಲಸ ಶುರು. 1942ರಲ್ಲಿ ಮೊದಲ ಬೈಕುಗಳು ಯುದ್ಧರಂಗಕ್ಕೆ ಹೋದವು.

ಯುದ್ಧ ಮುಗಿದ ಮೇಲೆ ಇದು ಹಳ್ಳಿಯವರ ಗಾಡಿಯಾಯಿತು. ಕಾರು ಕೊಳ್ಳಲಾಗದವರು ಹೆಂಡತಿ ಮಕ್ಕಳನ್ನೂ ಆಲೂಗಡ್ಡೆ ಮೂಟೆಯನ್ನೂ ಇದರಲ್ಲೇ ಸಾಗಿಸಿದರು. ನಮ್ಮಲ್ಲೂ ಹಾಗೇ ಅಲ್ಲವೇ? ನಮ್ಮ ದಾದಾ ಸ್ಕೂಟರಿಗೆ ಸೈಡ್‌ಕಾರ್ ಹಾಕಿಸಿದ್ದರಂತೆ, ದಾದಿ ಇಬ್ಬರು ಮಕ್ಕಳೊಂದಿಗೆ ಅದರಲ್ಲಿ ಕೂರುತ್ತಿದ್ದರಂತೆ. ಆಮೇಲೆ ಮಾರುತಿ 800 ಬಂತು. ರಷ್ಯಾದಲ್ಲೂ ಸೋವಿಯತ್ ಒಕ್ಕೂಟ ಒಡೆದ ಮೇಲೆ ಜನ ಕಾರಿನತ್ತ ತಿರುಗಿದರು. ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಬೈಕ್ ಮಾಡುತ್ತಿದ್ದ ಕಾರ್ಖಾನೆ ಕಳೆದ ದಶಕದಲ್ಲಿ ಸಾವಿರದ ಆಸುಪಾಸಿಗೆ ಇಳಿಯಿತು.

ಆದರೆ ಮುಚ್ಚಲಿಲ್ಲ. ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ ಬಲ ಕೊಡುವ, ರಿವರ್ಸ್ ಗೇರ್ ಇರುವ, ಹಿಮದಲ್ಲೂ ಕೆಸರಲ್ಲೂ ಹೋಗುವ ಬೈಕ್ ಬೇರೆ ಕಡೆ ಸಿಗುವುದು ಕಷ್ಟ. ಅದು ಬೇಕಾದವರು ಅಮೆರಿಕ, ಯುರೋಪಿನಲ್ಲಿ ಇದ್ದರು, ಬೆಲೆಗೆ ಅಂಜಲಿಲ್ಲ.

ಇದನ್ನೇ ಗೆಲುವು ಎಂದು ಕುಣಿಯಲೂ ನನಗೆ ಮನಸ್ಸಿಲ್ಲ. ಸಾವಿರ ಬೈಕಿಗೆ ಬೇಕಾದ ಕೈಗಳೆಷ್ಟು? ಇರ್ಬಿತ್‌ನಂಥ ಸಣ್ಣ ಊರಿನಲ್ಲಿ ಉಳಿದವರು ಎಲ್ಲಿಗೆ ಹೋಗಬೇಕು? 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಕಂಪನಿ ಬೈಕ್ ಜೋಡಿಸುವ ಕೆಲಸವನ್ನು ಕಜಕಿಸ್ತಾನದ ಪೆಟ್ರೊಪಾವ್ಲ್ ನಗರಕ್ಕೆ ಒಯ್ದಿತು. ಅಲ್ಲಿಗೂ ಇರ್ಬಿತ್‌ಗೂ ಸುಮಾರು 600 ಕಿ.ಮೀ. ದೂರ. ಯುದ್ಧ ಕಟ್ಟಿಕೊಟ್ಟ ಕಾರ್ಖಾನೆಯನ್ನು ಇನ್ನೊಂದು ಯುದ್ಧ ಎಬ್ಬಿಸಿತು. ಲಾಭ ನಷ್ಟದ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣ ಅಬ್ಬಾ ಅವರ ಅಂಗಡಿ. ಬೈಕು, ಆಟೋಗಳ ಸೀಟು ಹೊಲಿಯುತ್ತಾರೆ. ಆನ್‌ಲೈನ್‌ನಲ್ಲಿ ರೆಡಿಮೇಡ್ ಕವರ್ ಅಗ್ಗಕ್ಕೆ ಸಿಗುವುದರಿಂದ ಅಂಗಡಿ ಮುಚ್ಚಿ ಎನ್ನುತ್ತಾರೆ ಭಾಯಿಜಾನ್. ಅಗ್ಗದ ಕವರಿನ ಜೊತೆ ಪೈಪೋಟಿ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಂಗವಿಕಲರು ಓಡಿಸುವ, ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ಸ್ಕೂಟರುಗಳಿಗೆ ರೆಡಿಮೇಡ್ ಸೀಟು ಸರಿಹೊಂದುವುದಿಲ್ಲ. ಒಬ್ಬರಿಗೆ ಬೆನ್ನಿಗೆ ಆಸರೆ ಬೇಕು, ಇನ್ನೊಬ್ಬರಿಗೆ ಊರುಗೋಲು ಇಡಲು ಜಾಗ ಬೇಕು. ಅಬ್ಬಾ ಅಳತೆ ತೆಗೆದು ಹೊಲಿಯುತ್ತಾರೆ, ಆದರೆ ಮಾಮೂಲಿ ಸೀಟಿನ ದರವನ್ನೇ ಹೇಳುತ್ತಾರೆ. ಅಲ್ಲೇ ನಮ್ಮ ಜಗಳ. ಅಂಥ ಸೀಟಿಗೆ ಹಿಡಿಯುವ ಗಂಟೆಗಳನ್ನು ಈ ತಿಂಗಳಿಂದ ಬರೆದಿಡುತ್ತಿದ್ದೇನೆ. ಮೊದಲ ಸೀಟಿಗೆ ಐದೂವರೆ ಗಂಟೆ ಆಗಿದೆ.